ಮಾತ್ರೆ ಶುರುವಾದರೂ ಇಂಜೆಕ್ಷನ್ ಏಕೆ?

ಹೃದಯಕ್ಕೆ ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡವರು ಬದುಕಿರುವವರೆಗೂ ದಿನಕ್ಕೊಮ್ಮೆ ಒಂದು ಪುಟ್ಟ ಮಾತ್ರೆ ನುಂಗಬೇಕು. ವಾರ್ಫರಿನ್, ಇಲ್ಲವೇ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸಿನೋಕೌಮರಾಲ್. ಕೃತಕ ವಾಲ್ವಿನ ಮೈಮೇಲೆ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಹೆಪ್ಪು ಕೂತರೆ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಅದರ ಚೂರು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ಆಪರೇಷನ್ ಆದ ಮೊದಲ ದಿನಗಳಲ್ಲಿ ಮನೆಯವರು ಕೇಳುವ ಪ್ರಶ್ನೆಯೊಂದಿದೆ: ‘ಮಾತ್ರೆ ಕೊಟ್ಟಾಯಿತಲ್ಲ, ಹೆಪಾರಿನ್ ಇಂಜೆಕ್ಷನ್ ಯಾಕೆ ಇನ್ನೂ ನಿಲ್ಲಿಸಿಲ್ಲ?’ ತುಂಬಾ ಒಳ್ಳೆಯ ಪ್ರಶ್ನೆ. ಉತ್ತರವಿರುವುದು ಯಕೃತ್ತಿನಲ್ಲಿ.

ಈ ಮಾತ್ರೆಯಿಂದ ರಕ್ತವೇನೂ ನೀರಾಗುವುದಿಲ್ಲ. ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ನಾಲ್ಕು, ಅಂದರೆ 2, 7, 9 ಮತ್ತು 10ನೇ ಫ್ಯಾಕ್ಟರುಗಳು, ಕೆಲಸಕ್ಕೆ ಬರಬೇಕಾದರೆ ಯಕೃತ್ತಿನಲ್ಲಿ ವಿಟಮಿನ್ ‘ಕೆ’ಯ ನೆರವು ಬೇಕು. ಆಗಲೇ ಅವಕ್ಕೆ ಕ್ಯಾಲ್ಸಿಯಂ ಹಿಡಿದು ಗಾಯದ ಜಾಗದಲ್ಲಿ ಕಚ್ಚಿಕೊಳ್ಳುವ ಶಕ್ತಿ ಬರುವುದು. ಒಮ್ಮೆ ಬಳಸಿದ ವಿಟಮಿನ್ ‘ಕೆ’ಯನ್ನು ಮತ್ತೆ ಸಜ್ಜುಗೊಳಿಸುವ ಕಿಣ್ವವನ್ನು ಮಾತ್ರೆ ತಡೆಯುತ್ತದೆ. ಫ್ಯಾಕ್ಟರುಗಳು ತಯಾರಾಗುತ್ತಲೇ ಇರುತ್ತವೆ, ಆದರೆ ಅರೆಬೆಂದ ಅನ್ನದ ಹಾಗೆ, ಉಪಯೋಗಕ್ಕೆ ಬರುವುದಿಲ್ಲ.

ಆದರೆ ಮೊದಲೇ ತಯಾರಾಗಿ ರಕ್ತದಲ್ಲಿ ಓಡಾಡುತ್ತಿರುವ ಫ್ಯಾಕ್ಟರುಗಳ ಮೇಲೆ ಮಾತ್ರೆಯ ಆಟ ನಡೆಯದು. ಅವು ತಾವಾಗಿ ಸವೆಯಬೇಕು. 7ನೆಯದು ಸುಮಾರು 6 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ; 2ನೆಯದಕ್ಕೆ, ಅಂದರೆ ಪ್ರೋಥ್ರಾಂಬಿನ್‌ಗೆ, 60 ಗಂಟೆಗೂ ಮಿಕ್ಕಿ ಬೇಕು. ಹೀಗಾಗಿ ಎರಡು-ಮೂರು ದಿನದಲ್ಲೇ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ತೋರಿಸುವ ಐಎನ್‌ಆರ್ ಏರಿದಂತೆ ಕಂಡರೂ ನಿಜವಾದ ರಕ್ಷಣೆ ಇನ್ನೂ ಬಂದಿರುವುದಿಲ್ಲ. ಇನ್ನೊಂದು ತೊಡಕೂ ಇದೆ: ಹೆಪ್ಪುಗಟ್ಟುವುದಕ್ಕೆ ದೇಹವೇ ಇಟ್ಟುಕೊಂಡಿರುವ ಕಡಿವಾಣ ‘ಪ್ರೋಟೀನ್ ಸಿ’. ಅದಕ್ಕೂ ವಿಟಮಿನ್ ‘ಕೆ’ ಬೇಕು, ಅದೂ ಬೇಗನೆ ಇಳಿದುಬಿಡುತ್ತದೆ. ಈ ಅಪಾಯದ ದಿನಗಳನ್ನು ದಾಟಿಸುವುದೇ ಹೆಪಾರಿನ್‌ನ ಕೆಲಸ.

ಈ ಮಾತ್ರೆಯ ಮೂಲ ದನದ ಕೊಟ್ಟಿಗೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ಅದರ ಕಾರಣವನ್ನು ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯ ಪತ್ತೆಹಚ್ಚಿತು. ಅದೇ ಜಾಡಿನಲ್ಲಿ ಹುಟ್ಟಿದ ವಾರ್ಫರಿನ್ ಮೊದಲು ಇಲಿಪಾಷಾಣವಾಗಿತ್ತು. 1954ರಲ್ಲಿ ಮನುಷ್ಯರ ಔಷಧಿಯಾಯಿತು.

ಸಾಮಾನ್ಯರ ಐಎನ್‌ಆರ್ ಸುಮಾರು 1. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಮೆಕ್ಯಾನಿಕಲ್ ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಈ ಸಣ್ಣ ಅಂತರವನ್ನು ಕಾಯುವುದರಲ್ಲಿ ನಮ್ಮ ಅಡುಗೆಮನೆಗೂ ಪಾಲಿದೆ. ಸೊಪ್ಪಿನಲ್ಲಿ ವಿಟಮಿನ್ ‘ಕೆ’ ಹೇರಳ. ಹಾಗೆಂದು ಬಸ್ಸಾರು, ಮಸ್ಸೊಪ್ಪು ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು, ಮಾತ್ರೆಯ ಡೋಸನ್ನು ವೈದ್ಯರು ಅದಕ್ಕೆ ಹೊಂದಿಸುತ್ತಾರೆ. ಒಮ್ಮೆಲೇ ಹೆಚ್ಚು ಸೊಪ್ಪು ತಿಂದರೆ ಐಎನ್‌ಆರ್ ಇಳಿಯುತ್ತದೆ. ಜ್ವರ ಬಂದು ಊಟ ಬಿಟ್ಟರೆ ಏರುತ್ತದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಕೂಡ ಅದನ್ನು ಏರಿಸುತ್ತದೆ.

ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ, ಹಲ್ಲು ಕೀಳಿಸುವುದಕ್ಕೇ ಆದರೂ, ಈ ಮಾತ್ರೆಯ ವಿಷಯ ಮೊದಲು ಹೇಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಮಲ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆರೋಗ್ಯವಾಗಿದ್ದೇನೆ ಅನ್ನಿಸಿತೆಂದು ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.