ಬೇಳೆ ಬೇಯುವ ನೀರು

ಕೋಲಾರದ ಕಡೆಯ ಬಯಲುಸೀಮೆಯ ಒಂದು ಊರು. ಅಂತರ್ಜಲದ ನಕ್ಷೆ ಮಾಡುವ ವಿದ್ಯಾರ್ಥಿಗಳ ಜೊತೆ ಬೆಳಿಗ್ಗೆ ಬೇಗ ಹೊರಟೆ. ನಕ್ಷೆ ಎಂದರೆ ಕಂಪ್ಯೂಟರಿನ ಮುಂದಿನ ಕೆಲಸ ಎಂದುಕೊಂಡಿದ್ದೆ. ಮೊದಲು ಕಂಡದ್ದು ಐಸ್ ಪೆಟ್ಟಿಗೆ ಮತ್ತು ಚೀಲದ ತುಂಬ ಪ್ಲಾಸ್ಟಿಕ್ ಬಾಟಲಿಗಳು. ಗಾಜಿನದು ಒಂದೂ ಇಲ್ಲ. ಫ್ಲೋರೈಡ್ ಗಾಜಿನೊಡನೆ ವರ್ತಿಸಬಹುದು, ಲೆಕ್ಕ ತಪ್ಪುತ್ತದೆ ಎಂದರು.

ಊರಾಚೆಯ ತೋಟದಲ್ಲಿ ಮೊದಲ ಬೋರ್‌ವೆಲ್. ಮೋಟರ್ ಹಾಕಿದ ಕೂಡಲೇ ನೀರು ಹಿಡಿಯಲಿಲ್ಲ. ಪೈಪಿನಲ್ಲಿ ನಿಂತಿದ್ದ ನೀರು ಹರಿದುಹೋಗಿ, ಬಂಡೆಯ ಬಿರುಕಿನ ನೀರು ಬರುವ ತನಕ ಕಾಯಬೇಕು. ನೀರನ್ನು ಅಳೆಯುವ ಮೀಟರಿನ ಅಂಕಿ ಏರಿಳಿಯುವುದು ನಿಂತ ಮೇಲೆ ಅದೇ ನೀರಿನಲ್ಲಿ ಬಾಟಲಿ ತೊಳೆದು, ಗಾಳಿ ಉಳಿಯದಂತೆ ತುಂಬಿಸಿ, ಸಂಖ್ಯೆ ಬರೆದು ಐಸಿಗೆ ಇಟ್ಟರು. ಎಷ್ಟು ಅಡಿ ಕೊರೆಸಿದ್ದು ಎಂದು ಕೇಳಿದಾಗ ತೋಟದ ಮನೆಯವರಲ್ಲಿ ಅಣ್ಣ ಒಂದು ಹೇಳಿದರು, ತಮ್ಮ ಇನ್ನೊಂದು. ವಿದ್ಯಾರ್ಥಿಗಳಲ್ಲಿ ಒಬ್ಬಳು ಹುಡುಗಿ ಎರಡನ್ನೂ ಬರೆದುಕೊಂಡಳು. ಅವಳ ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಊರೊಳಗೆ ಬಂದರೆ ಕೈಪಂಪು. ಕಟ್ಟೆ ಸೀಳಿದೆ, ಹತ್ತು ಹೆಜ್ಜೆಯಲ್ಲಿ ತಿಪ್ಪೆ, ಅದರಾಚೆ ಕೊಟ್ಟಿಗೆ. ಗಂಜಲ, ಗೊಬ್ಬರ ಇಳಿದರೆ ನೀರಿಗೆ ನೈಟ್ರೇಟ್ ಸೇರುತ್ತದೆ. ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಬೇರೆ ನೀರಿಲ್ಲ ಎಂದರೂ ಅದಕ್ಕೆ ರಿಯಾಯಿತಿ ಇಲ್ಲ.

ಮುಂದಿನ ಓಣಿಯಲ್ಲಿ ಬಿಂದಿಗೆ ತುಂಬುತ್ತಿದ್ದ ಹಿರಿಯ ಹೆಂಗಸು ನನ್ನನ್ನು ನಿಲ್ಲಿಸಿದರು. "ತ್ವಾಟದ ಬೋರಿಂದು ಗಡಸು ನೀರು ಸ್ವಾಮಿ, ಬೇಳೆ ಬೇಯಲ್ಲ. ಕುಡಿಯಕ್ಕೂ ಅಡಿಗೆಗೂ ಇದೇ ನಮಗೆ."

"ಕುದಿಸಿ ಕುಡೀತೀರಾ ಅಮ್ಮ?"

"ಮಳೆಗಾಲ ಬಂದ್ರೆ ಕುದಿಸ್ತೀವಿ."

ಈ ಮಾತಿನ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಬೇಳೆ ಬೇಯದಂತೆ ಮಾಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಆದರೆ ಅದೇ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಕ್ಷಾರ ಹೆಚ್ಚಿದ ಮೆದು ನೀರಿನಲ್ಲಿ, ಇಲ್ಲಿನ ಗ್ರಾನೈಟ್ ಬಂಡೆಯಿಂದ ಕರಗಿದ ಫ್ಲೋರೈಡ್ ಹಾಗೇ ಉಳಿಯುತ್ತದೆ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅಡುಗೆಮನೆಯಲ್ಲಿ ತಲೆಮಾರುಗಳಿಂದ ನಂಬಿಕೊಂಡು ಬಂದ ಪರೀಕ್ಷೆಯಲ್ಲಿ ಗೆದ್ದ ನೀರು ಫ್ಲೋರೈಡಿನ ಲೆಕ್ಕದಲ್ಲಿ ಸೋಲಬಹುದು. ಆ ಓಣಿಯ ಇಬ್ಬರು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಂಡೆ. ಅದು ಫ್ಲೋರೈಡಿನದೇ ಎಂದು ನೋಟದಿಂದಲೇ ಹೇಳುವ ಧೈರ್ಯ ನನಗಿಲ್ಲ. ಆದರೆ ಅಲ್ಲಿಂದ ಮುಂದೆ ಎಲ್ಲರ ಬಾಯಿಯನ್ನೇ ನೋಡುತ್ತಾ ನಡೆದೆ.

ಸಂಜೆ ಪ್ರಯೋಗಾಲಯ. ಕೆಂಪು ಬಣ್ಣದ ದ್ರಾವಣವನ್ನು ನೀರಿಗೆ ಬೆರೆಸುತ್ತಾರೆ. ಬಣ್ಣ ಮಾಸಿದಷ್ಟೂ ಫ್ಲೋರೈಡ್ ಹೆಚ್ಚು, ಎಷ್ಟು ಮಾಸಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ತೋಟದ ನೀರು ಕೆಂಪಾಗಿಯೇ ಉಳಿಯಿತು. ಓಣಿಯ ನೀರು ಪಕ್ಕದಲ್ಲಿಟ್ಟರೆ ಬರಿಗಣ್ಣಿಗೇ ಮಾಸಲು. ಒಂದು ಸಲದ ಫಲಿತಾಂಶವನ್ನು ಅವರು ತೀರ್ಪೆಂದು ಒಪ್ಪುವುದಿಲ್ಲ. ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಮತ್ತೊಮ್ಮೆ ನೋಡಬೇಕು.

ಕೊನೆಗೆ ಪರದೆಯ ಮೇಲೆ, ಹಿಂದಿನ ಸುತ್ತಿನ ಮಾದರಿಗಳಿಂದ ಮಾಡಿದ ನಕ್ಷೆ ತೆರೆದರು. ಹಸಿರು, ಹಳದಿ, ಕೆಂಪು ಒಂದರೊಳಗೊಂದು ಕರಗಿದಂತೆ ಹರಡಿವೆ. ಇಲ್ಲಿ ಕೆಂಪೆಂದರೆ ಹೆಚ್ಚು ಫ್ಲೋರೈಡ್. ನನಗೆ ಇಲ್ಲೇ ಅನುಮಾನ ಬಂತು. ನೀರು ಹಿಡಿದದ್ದು ಕೆಲವು ಚುಕ್ಕೆಗಳಲ್ಲಿ. ನಡುವಿನ ಬಣ್ಣವೆಲ್ಲ ಅಕ್ಕಪಕ್ಕದ ಅಂಕಿಗಳಿಂದ ಕಟ್ಟಿದ ಅಂದಾಜು. ಬಂಡೆ ನೆಲದಲ್ಲಿ ನೀರಿರುವುದು ಬಿರುಕುಗಳಲ್ಲಿ. ಒಂದೇ ಹೊಲದ ಎರಡು ಬೋರ್‌ವೆಲ್‌ಗಳ ನೀರೂ ಒಂದೇ ಆಗಿರಬೇಕಿಲ್ಲ. ನಕ್ಷೆಯಲ್ಲಿ ಹಸಿರು ಕಂಡಿತೆಂದು ಅಲ್ಲಿ ಹೊಸದಾಗಿ ಕೊರೆಸಿದ ನೀರನ್ನು ಪರೀಕ್ಷಿಸದೆ ಮಕ್ಕಳಿಗೆ ಕೊಡಬಾರದು ಎಂದೇ ನನ್ನ ಗಟ್ಟಿ ಅಭಿಪ್ರಾಯ.

ನಡುವಿನ ಬಣ್ಣ ತೆಗೆದು ಚುಕ್ಕೆಗಳನ್ನಷ್ಟೇ ಉಳಿಸಿ ಎಂದು ಕೇಳಿಕೊಂಡೆ. ಆ ಅಮ್ಮನ ಓಣಿ ಸಿಕ್ಕಿತು, ಹಿಂದಿನ ಸುತ್ತಿನಲ್ಲೂ ಕೆಂಪು ಚುಕ್ಕೆ. ಅಲ್ಲಿಂದ ಹತ್ತಿರದ ಹಸಿರು ಚುಕ್ಕೆಗೆ ಹುಡುಗಿ ಗೆರೆ ಎಳೆದಳು. ಅದು ಕೆರೆ ದಾಟಿ ಆಚೆ ದಡಕ್ಕೆ ಹೋಯಿತು. ಬಿಂದಿಗೆ ಹೊತ್ತು ನಡೆಯುವವರಿಗೆ ಅದು ಏರಿಯ ಸುತ್ತಿನ ದಾರಿ.