ಹೆಣೆದ ಬೊಂಬೆಗೆ ದಾರ, ಕೊಕ್ಕೆ, ಹತ್ತಿ

ಕೊಕ್ಕೆಯುಳ್ಳ ಒಂದು ಕಡ್ಡಿಯಿಂದ ದಾರವನ್ನು ಕುಣಿಕೆ ಕುಣಿಕೆಯಾಗಿ ಎಳೆದು ಬಟ್ಟೆಯಾಗಿಸುವ ಕಲೆಗೆ ನಮ್ಮ ಮನೆಗಳಲ್ಲಿ ಕ್ರೋಶಾ ಎಂಬ ಹೆಸರೇ ನಿಂತುಬಿಟ್ಟಿದೆ. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ಸಣ್ಣ ಕೊಕ್ಕೆ ಎಂದಷ್ಟೇ ಅರ್ಥ. ಹಳಗನ್ನಡದ ‘ಪೆಣೆ’ಯಿಂದ ಬಂದ ‘ಹೆಣೆ’ ನಮ್ಮಲ್ಲಿರುವಾಗ ಕನ್ನಡದ ಹೆಸರಿಗೆ ಬಡತನವೇನೂ ಇರಲಿಲ್ಲ. ಆದರೆ ರೂಢಿಯೊಡನೆ ವಾದ ಮಾಡಿ ಗೆದ್ದ ಕನ್ನಡ ಅಧ್ಯಾಪಕರನ್ನು ನಾನು ಕಂಡಿಲ್ಲ.

ನನ್ನ ತಾಯಿಯ ಕಾಲಕ್ಕೆ ಕ್ರೋಶಾ ಎಂದರೆ ಬಾಗಿಲ ತೋರಣ, ಮೇಜಿನ ಹಾಸು, ರೇಡಿಯೋದ ಮೇಲಿನ ಮುಸುಕು. ಕೊಕ್ಕೆಯಿಂದ ಹೆಣೆದು ಒಳಗೆ ಹತ್ತಿ ತುಂಬುವ ಬೊಂಬೆಗಳು ನಮ್ಮ ಕಡೆ ಈಚೆಗೆ ಬಂದವು. ಜಪಾನಿನವರು ಇವನ್ನು ಅಮಿಗುರುಮಿ ಎನ್ನುತ್ತಾರೆ. ನಿವೃತ್ತಿಯ ಬಳಿಕ ಹೆಬ್ಬೆಯ ಕಡೆಯ ತೋಟದಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದ ನಾನು ಮೊಮ್ಮಕ್ಕಳಿಗಾಗಿ ಈ ಕೆಲಸಕ್ಕೆ ಕೈಹಾಕಿ, ಎರಡು ತಪ್ಪುಗಳನ್ನು ಮಾಡಿದೆ. ಎರಡೂ ಹೆಣಿಗೆಯ ತಪ್ಪುಗಳಲ್ಲ, ಸಾಮಗ್ರಿಯನ್ನು ಆರಿಸಿದ್ದರ ತಪ್ಪುಗಳು.

ಮೊದಲನೆಯದು ಆನೆ. ತಾಯಿಯ ಪೆಟ್ಟಿಗೆಯಲ್ಲಿದ್ದ ದಾರದಿಂದ ಹೆಣೆದು, ಹಳೆಯ ಹಾಸಿಗೆಯ ಹತ್ತಿಯನ್ನು ಹಿಂಜಿ ಗಟ್ಟಿಯಾಗಿ ತುಂಬಿದ್ದೆ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತವಾಗಿ ಧುಮುಕುವ ಜಲಪಾತವನ್ನು ನೋಡಬಂದವರು ನೀರನ್ನು ಕಂಡು ಹಿಂದಿರುಗುತ್ತಾರೆ. ಇಲ್ಲಿ ಬಾಳುವವರಿಗೆ ಆ ನೀರು ಗೋಡೆಯಲ್ಲಿಯೂ ಪುಸ್ತಕದ ರಟ್ಟಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆಷಾಢದಲ್ಲಿ ದೊಡ್ಡ ಮೊಮ್ಮಗಳು ಬಂದು, “ಅಜ್ಜೀ, ಆನೆ ನಾರ್ತದೆ” ಎಂದಳು. ಹೊಲಿಗೆ ಬಿಚ್ಚಿ ನೋಡಿದರೆ ಒಳಗೆ ಹತ್ತಿಯೆಲ್ಲ ಬೂಷ್ಟು. ಹೀರಿದ ತೇವವನ್ನು ಹತ್ತಿ ಬೇಗನೆ ಬಿಡುವುದಿಲ್ಲ. ಬಿಗಿಯಾಗಿ ತುಂಬಿದ ಮೇಲೆ ಗಾಳಿಯೂ ಆಡದು.

ಬೂರುಗದ ಹತ್ತಿಯನ್ನು ಬಳಸಬಾರದೆ ಎಂದು ಕೇಳಬಹುದು. ನಾನೂ ಬಳಸಿ ನೋಡಿದೆ. ಆ ಎಳೆಯ ಮೈಮೇಲೆ ಮೇಣದಂಥ ಲೇಪವಿರುವುದರಿಂದ ಅದು ನೀರನ್ನು ಸುಲಭವಾಗಿ ಒಳಗೊಳ್ಳುವುದಿಲ್ಲ. ಹಿಂದೆ ಹಡಗಿನವರು ಧರಿಸುವ ತೇಲುವ ಅಂಗಿಗಳಿಗೆ ಇದನ್ನೇ ತುಂಬುತ್ತಿದ್ದರು. ಆದರೆ ಎಳೆ ಬಲು ನುಣುಪು, ಬಲು ಚಿಕ್ಕದು. ಹೆಣಿಗೆಯ ಕಣ್ಣುಗಳಿಂದ ನುಸುಳಿ ಹೊರಬಂದು ಮಕ್ಕಳ ಮೂಗನ್ನು ಸೇರುತ್ತದೆ, ಬೆಂಕಿಯನ್ನೂ ಥಟ್ಟನೆ ಹಿಡಿಯುತ್ತದೆ. ತುಂಬಲೇಬೇಕೆಂದರೆ ತೆಳುವಾದ ಬಟ್ಟೆಯ ಒಳಚೀಲ ಹೊಲಿದು ಅದರಲ್ಲಿ ತುಂಬಬೇಕು, ಬೊಂಬೆಯನ್ನು ಒಲೆಯಿಂದ ದೂರವಿಡಬೇಕು. ಮಳೆನಾಡಿನ ಮನೆಗೆ ಪಾಲಿಯೆಸ್ಟರ್ ಹತ್ತಿಯೇ ಲೇಸೆಂದು ಒಪ್ಪಿಕೊಂಡಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ. ತೊಳೆದರೆ ಬೇಗ ಆರುತ್ತದೆ. ಅಕ್ಕಿ, ರಾಗಿ ತುಂಬಿದರೆ ಹುಳು ಬೀಳುತ್ತದೆ. ಬಟ್ಟೆಯ ಚೂರು ಗಂಟುಗಂಟಾಗುತ್ತದೆ.

ಇನ್ನು ದಾರ. ಪೇಟೆಯಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಹೆಚ್ಚಿನದು ಉಣ್ಣೆಯಲ್ಲ, ಅಕ್ರಿಲಿಕ್. ಸಂಶಯವಿದ್ದರೆ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಗೆ ನುಸಿಯ ಕಾಟ. ಅಕ್ರಿಲಿಕ್ ಹಗುರ, ಬೇಗ ಆರುತ್ತದೆ, ಆದರೆ ಕೆಲವು ಬಗೆಗಳಿಂದ ನಯವಾದ ಕೂದಲು ಏಳುತ್ತದೆ. ಎಳೆಯ ಕೂಸು ಅದನ್ನು ಬಾಯಲ್ಲಿ ಚೀಪುತ್ತದೆ. ಕೂಸಿನ ಬೊಂಬೆಗೆ ನಾನು ನುಣುಪಾದ ಹತ್ತಿದಾರವನ್ನೇ ಆರಿಸುತ್ತೇನೆ. ಹೊರಗಿನ ತೆಳುವಾದ ಹೆಣಿಗೆ ಆರುವುದು ಕಷ್ಟವಲ್ಲ. ಕಷ್ಟವೆಲ್ಲ ಒಳಗೆ ತುಂಬಿದ್ದರದು. ಬಣ್ಣದ ದಾರವಾದರೆ ತುಂಡೊಂದನ್ನು ಒದ್ದೆಮಾಡಿ ಬಿಳಿಯ ಬಟ್ಟೆಯಲ್ಲಿ ಹಿಂಡಬೇಕು; ಬಣ್ಣ ಬಿಟ್ಟರೆ ಅಂಗಡಿಗೆ ಹಿಂದಿರುಗಿಸುವುದು ಮೇಲು. ಬೇಕಾದಷ್ಟು ಉಂಡೆಗಳನ್ನು ಒಮ್ಮೆಗೇ, ಚೀಟಿಯ ಮೇಲಿನ ಬಣ್ಣದ ತಂಡದ ಸಂಖ್ಯೆ ಒಂದೇ ಇರುವಂತೆ ನೋಡಿ ಕೊಳ್ಳಿ. ತರೀಕೆರೆಗೆ ಎರಡನೆಯ ಸಲ ಹೋಗಿ ತಂದ ಬೂದುಬಣ್ಣದಿಂದ ನನ್ನ ಆನೆಯೊಂದರ ಸೊಂಡಿಲು ಬೇರೆ ಪ್ರಾಣಿಯದಾಯಿತು. ಹೊಸದಾಗಿ ಕಲಿಯುವವರು ಕಪ್ಪು ದಾರವನ್ನು ಮುಟ್ಟಬಾರದು, ಕುಣಿಕೆಗಳೇ ಕಾಣುವುದಿಲ್ಲ.

ಕೊಕ್ಕೆಯ ವಿಚಾರದಲ್ಲಿ ಬೊಂಬೆಯ ನಿಯಮ ಉಳಿದ ಹೆಣಿಗೆಗೆ ವಿರುದ್ಧ. ದಾರದ ಚೀಟಿಯಲ್ಲಿ 4 ಮಿಲಿಮೀಟರಿನ ಕೊಕ್ಕೆ ಎಂದಿದ್ದರೆ ಬೊಂಬೆಗೆ 2.5 ಅಥವಾ 3ರದು ಬೇಕು. ಹೆಣಿಗೆ ಬಿಗಿಯಾಗದಿದ್ದರೆ ಒಳಗಿನ ಹತ್ತಿ ಇಣುಕುತ್ತದೆ. ಅಂಗೈಯಗಲ ಹೆಣೆದು, ಎಳೆದು, ಬೆಳಕಿಗೆ ಹಿಡಿದು ನೋಡಿದರೆ ತಿಳಿಯುತ್ತದೆ. ತಾಯಿಯ ಉಕ್ಕಿನ ಕೊಕ್ಕೆಗಳು ಲೇಸಿನ ತೆಳು ದಾರದವು, ಇದಕ್ಕೆ ಒದಗಲಿಲ್ಲ. ಬಿಗಿ ಹೆಣಿಗೆಯಿಂದ ಬೆರಳು ನೋಯುವುದರಿಂದ ಅಲ್ಯೂಮಿನಿಯಂ ಕೊಕ್ಕೆಯ ಹಿಡಿಗೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿಕೊಂಡಿದ್ದೇನೆ. ಸುತ್ತು ಎಲ್ಲಿ ಮೊದಲಾಯಿತೆಂಬ ಗುರುತಿಗೆ ಬೇರೆ ಬಣ್ಣದ ದಾರದ ಎಳೆ ಸಾಕು. ಪಿನ್ನು ಬೇಡ, ಒಮ್ಮೆ ಒಳಗೆ ಉಳಿದರೆ ಯಾರು ಹುಡುಕುವವರು?

ಎರಡನೆಯ ತಪ್ಪನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮೊಲಕ್ಕೆ ಕಣ್ಣೆಂದು ಕಪ್ಪು ಮಣಿಗಳನ್ನು ಪೋಣಿಸಿದ್ದೆ. ಒಂದೂವರೆ ವರ್ಷದ ಕಿರಿಯಳು ಮೌನವಾಗಿ ಕುಳಿತಿದ್ದಳು. ಮೊಲಕ್ಕೆ ಒಂದೇ ಕಣ್ಣಿತ್ತು. ಬಾಯಿ ತೆರೆ ಎಂದಾಗ ನಾಲಿಗೆಯ ಮೇಲೆ ಮಣಿ ಮಿನುಗುತ್ತಿತ್ತು. ತಾನಾಗಿ ಉಗುಳಿದಳು, ನನ್ನ ಕೈ ಮಾತ್ರ ಸಂಜೆಯವರೆಗೂ ನಡುಗಿತು. ಮೂರು ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸುವವರು 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಂದನ್ನು ಇಟ್ಟುಕೊಂಡಿರುತ್ತಾರೆ. ಬಿಡಿಭಾಗವೊಂದು ಅದರೊಳಗೆ ಪೂರ್ತಿ ಅಡಗಿದರೆ ಅದು ಮಗುವಿನ ಗಂಟಲಿಗೆ ಅಪಾಯವೆಂದು ಲೆಕ್ಕ. ಮಣಿ, ಗುಂಡಿ, ಗೆಜ್ಜೆ ಎಲ್ಲವೂ ಅಡಗುತ್ತವೆ. ಹಿಂಬದಿಯಲ್ಲಿ ಬಿಲ್ಲೆ ಒತ್ತುವ ಪ್ಲಾಸ್ಟಿಕ್ ಕಣ್ಣುಗಳೂ ಹೆಣಿಗೆ ಹಿಗ್ಗಿದರೆ ಜಾರಿಬರಬಲ್ಲವು. ಆದುದರಿಂದ ಎಳೆಯರ ಬೊಂಬೆಗೆ ಕಣ್ಣನ್ನು ಕಪ್ಪು ದಾರದಿಂದ ಕಸೂತಿಯಾಗಿ ಹೊಲಿಯಬೇಕು, ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿಯಿಂದ.

ಆ ಮೊಲಕ್ಕೆ ಹಾಗೆಯೇ ಹೊಲಿದುಕೊಟ್ಟೆ. ಕಣ್ಣುಗಳು ತುಸು ಓರೆಯಾಗಿವೆ. ಕಳೆದ ಮಳೆಗಾಲದಲ್ಲಿ ಮೂರು ಸಲ ತೊಳೆದೆವು. ಪ್ರತಿಸಲವೂ ಟವೆಲಿನಲ್ಲಿ ಸುತ್ತಿ ಹಿಂಡಿ, ಅಡಿಗೆಮನೆಯ ಅಟ್ಟದ ಕೆಳಗೆ, ಬೆಂಕಿಗೆ ದೂರವಾಗಿ, ಬುಟ್ಟಿಯೊಂದರಲ್ಲಿ ತೂಗುಹಾಕಿದ್ದೆವು. ಎರಡು ದಿನಕ್ಕೆ ಆರಿತು.