ಪ್ರತಿ ಪುಟದ ಕೊನೆಗೂ ಒಂದಿಷ್ಟು ಬಾಕಿ ಇರಲಿ

ಮುಂಬಯಿ ಕನ್ನಡಿಗರಲ್ಲಿ ಬರೆಯುವ ಕೈಗಳಿಗೆ ಎಂದೂ ಬರವಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು, ಗಿರಣಿ, ಬಂದರು, ಬ್ಯಾಂಕು, ರೈಲ್ವೆ ಕಚೇರಿಗಳಲ್ಲಿ ಮೂವತ್ತು-ಮೂವತ್ತೈದು ವರ್ಷ ಸವೆಸಿದವರು ನಿವೃತ್ತಿಯ ಬಳಿಕ ಪೆನ್ನು ಹಿಡಿಯುವುದು ಇಲ್ಲಿ ಅಪರೂಪವೇನಲ್ಲ. ಕವನ, ಲೇಖನಗಳಿಂದ ಆರಂಭಿಸಿ ಒಂದು ದಿನ ಕಾದಂಬರಿಗೂ ಕೈ ಹಾಕುತ್ತಾರೆ. ಊರು ಬಿಟ್ಟು ಬಂದ ದಿನ, ಚಾಳಿನ ಖೋಲಿ, ಬೆಳಗಿನ ನಳ್ಳಿಯ ಸಾಲು, ಲೋಕಲ್ ರೈಲಿನ ನೂಕುನುಗ್ಗಲು, ತಂಗಿಯ ಮದುವೆಗೆ ಮಾಡಿದ ಸಾಲ, ಹೀಗೆ ಸಾಮಗ್ರಿ ಬೇಕಾದಷ್ಟಿದೆ. ಎರಡು-ಮೂರು ವರ್ಷಗಳಲ್ಲಿ 250 ಪುಟಗಳ ಹಸ್ತಪ್ರತಿ ಸಿದ್ಧವಾಗುತ್ತದೆ.

ಮುಂದಿನದು ಸಂಘ-ಸಂಸ್ಥೆಗಳ ಸದಸ್ಯರಿಗೆಲ್ಲ ಗೊತ್ತಿರುವ ಸಂಗತಿ. ಸ್ವಂತ ಖರ್ಚಿನಲ್ಲಿ ಮುದ್ರಣ, ಸಭಾಗೃಹದಲ್ಲಿ ಬಿಡುಗಡೆ, ಶಾಲು, ಹಾರ, ಫಲಾಹಾರ, ಬಂಧುಮಿತ್ರರಿಗೆ ಗೌರವ ಪ್ರತಿ. ಆರು ತಿಂಗಳ ಬಳಿಕ ವಿಚಾರಿಸಿದರೆ, "ಓದುತ್ತಾ ಇದ್ದೇನೆ, ಅರ್ಧದಲ್ಲಿ ನಿಂತಿದೆ" ಎಂಬ ಉತ್ತರ. ಉಳಿದ ಪ್ರತಿಗಳು ಅಟ್ಟ ಸೇರುತ್ತವೆ. ಇದು ಒಬ್ಬ ಲೇಖಕರ ನಷ್ಟ ಮಾತ್ರವಲ್ಲ. ಒಂದು ತಲೆಮಾರು ಈ ನಗರದಲ್ಲಿ ಹೇಗೆ ಬಾಳಿತು ಎಂಬುದನ್ನು ಹೇಳಬೇಕಾದ ಪುಸ್ತಕ ನಲವತ್ತನೆಯ ಪುಟದಲ್ಲೇ ಮುಚ್ಚಿಹೋದರೆ, ಅದೇ ಬಾಳನ್ನು ಬೇರೊಬ್ಬರು ಬಂದು ಹೇಳುತ್ತಾರೆಂಬ ಭರವಸೆಯಿಲ್ಲ.

ಓದುಗ ನಿಲ್ಲುವುದೇಕೆ? ಹೆಚ್ಚಿನ ಸಲ ಭಾಷೆಯಲ್ಲಿ ದೋಷವಿರುವುದಿಲ್ಲ, ಅನುಭವವೂ ಸುಳ್ಳಾಗಿರುವುದಿಲ್ಲ. ಪುಟ ತಿರುಗಿಸಲು ಕಾರಣವೇ ಇರುವುದಿಲ್ಲ, ಅಷ್ಟೇ. ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವ ಮೊದಲು ದಪ್ಪ ರಟ್ಟಿನ ಲೆಡ್ಜರ್‌ಗಳಲ್ಲಿ ಲೆಕ್ಕ ಬರೆದವರಿಗೆ ಒಂದು ಕ್ರಮ ನೆನಪಿರಬಹುದು. ಪುಟದ ಕೊನೆಯ ಸಾಲಿನಲ್ಲಿ ಬಾಕಿಯನ್ನು ‘ಮುಂದಿನ ಪುಟಕ್ಕೆ’ ಎಂದು ಬರೆಯಬೇಕು. ಮುಂದಿನ ಪುಟದ ಮೊದಲ ಸಾಲು ‘ಹಿಂದಿನ ಪುಟದಿಂದ’ ಎಂದು ಅದೇ ಮೊತ್ತದೊಂದಿಗೆ ಶುರುವಾಗಬೇಕು. ಬಾಕಿ ಸೊನ್ನೆಯಾದರೆ ಖಾತೆ ಮುಚ್ಚಿದಂತೆ. ಕಾದಂಬರಿಯ ಪುಟಕ್ಕೂ ಇದೇ ನಿಯಮ. ಪುಟದ ಕೊನೆಯಲ್ಲಿ ತೀರದ ಆಸೆ, ಸಿಗದ ಉತ್ತರ, ಆಡದೆ ಉಳಿದ ಮಾತು, ಏನಾದರೊಂದು ಬಾಕಿ ಇರಬೇಕು. ಬಿಗುವು ಎಂದರೆ ಇದೇ.

ಕೊಲೆ, ಹೊಡೆದಾಟ ಬೇಕಿಲ್ಲ

ಬಿಗುವು ಎಂದೊಡನೆ ಪತ್ತೇದಾರಿ ಕಾದಂಬರಿ ನೆನಪಾಗುವುದು ಸಹಜ. ಆದರೆ ಯಕ್ಷಗಾನ ನೋಡಿ ಬೆಳೆದವರಿಗೆ ಬೇರೆ ವಿವರಣೆ ಬೇಕಾಗಿಲ್ಲ. ‘ಅಭಿಮನ್ಯು ಕಾಳಗ’ದಲ್ಲಿ ಹುಡುಗ ಚಕ್ರವ್ಯೂಹದಿಂದ ಹಿಂದಿರುಗುವುದಿಲ್ಲ ಎಂಬುದು ಮುಂದಿನ ಸಾಲಿನಲ್ಲಿ ಕುಳಿತ ಮಗುವಿಗೂ ಗೊತ್ತು. ಆದರೂ ಸುಭದ್ರೆ ಮಗನನ್ನು ತಡೆಯುವಾಗ ಸಭೆ ಉಸಿರು ಬಿಗಿಹಿಡಿಯುತ್ತದೆ. ಕೊನೆ ಏನೆಂಬುದು ಅಲ್ಲಿ ಪ್ರಶ್ನೆಯಲ್ಲ. ತಾಯಿ ಮುಂದೆ ಏನು ಹೇಳುತ್ತಾಳೆ, ಮಗ ಅದಕ್ಕೆ ಏನೆನ್ನುತ್ತಾನೆ ಎಂಬುದೇ ಪ್ರಶ್ನೆ.

ನ್ಯೂಯಾರ್ಕಿನ ಸಾಹಿತ್ಯ ಏಜೆಂಟ್ ಡೊನಾಲ್ಡ್ ಮಾಸ್ ಕಾದಂಬರಿಯ ಪ್ರತಿ ಪುಟದಲ್ಲೂ ಬಿಗುವು ಬೇಕೆಂದು ಬಹುಕಾಲದಿಂದ ಹೇಳುತ್ತಾ ಬಂದವರು. 2001ರಲ್ಲಿ ಬಂದ ‘ರೈಟಿಂಗ್ ದ ಬ್ರೇಕ್‌ಔಟ್ ನಾವೆಲ್’, 2009ರ ‘ದ ಫೈರ್ ಇನ್ ಫಿಕ್ಷನ್’ ಈ ವಿಷಯದಲ್ಲಿ ಅವರ ಹೆಸರಾದ ಪುಸ್ತಕಗಳು. ಎರಡನೆಯದರಲ್ಲಿ ಅವರು ‘ಮೈಕ್ರೋ ಟೆನ್ಷನ್’ ಎಂಬ ಮಾತನ್ನು ಬಳಸುತ್ತಾರೆ. ಕತೆಯ ಕೊನೆಯಲ್ಲಿ ಏನಾಗುತ್ತದೆ ಎಂಬುದಲ್ಲ, ಮುಂದಿನ ಕ್ಷಣದಲ್ಲಿ ಏನಾಗುತ್ತದೆ ಎಂಬ ಸಣ್ಣ ಅನುಮಾನವೇ ಓದುಗನನ್ನು ಹಿಡಿದಿಡುತ್ತದೆ. ಒಬ್ಬನೇ ಮನುಷ್ಯನೊಳಗೆ ಎರಡು ಭಾವನೆಗಳು ಎಳೆದಾಡುವಾಗ ಆ ಅನುಮಾನ ಹುಟ್ಟುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ.

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಮುಂಬಯಿಯಲ್ಲೇ ಬಾಳಿದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಪ್ರಕಟವಾಯಿತು. ಕಥಾನಾಯಕ ಕಂಪೆನಿಯೊಂದರ ಅಧಿಕಾರಿ. ತನ್ನ ಮೇಲಿನ ಆರೋಪವೇನೆಂದು ತಿಳಿಯುವ ಮೊದಲೇ ಅವನನ್ನು ಕೆಲಸದಿಂದ ದೂರವಿಡಲಾಗುತ್ತದೆ. ಬಳಿಕ ಪ್ರತಿಯೊಂದು ಫೋನ್ ಕರೆ, ಪ್ರತಿಯೊಬ್ಬ ಸಹೋದ್ಯೋಗಿಯ ನಗು ಅವನಿಗೂ ಓದುಗನಿಗೂ ಸಂಶಯದ ವಸ್ತುವಾಗುತ್ತದೆ. ಕಚೇರಿಯ ಕುರ್ಚಿ-ಮೇಜುಗಳ ನಡುವೆಯೇ ಬೇಟೆ ನಡೆಯುತ್ತದೆ.

ತಿದ್ದುವಾಗ ಬರುವ ಗುಣ

ಬಿಗುವು ಮೊದಲ ಕರಡಿನಲ್ಲೇ ಬರಬೇಕೆಂದು ಯಾರೂ ನಿರೀಕ್ಷಿಸಬಾರದು. ಮೊದಲ ಸಲ ಬರೆಯುವಾಗ ಲೇಖಕ ತನಗೇ ಕತೆ ಹೇಳಿಕೊಳ್ಳುತ್ತಿರುತ್ತಾನೆ. ಓದುಗನಿಗೆ ಹೇಳುವುದು ಎರಡನೆಯ ಸಲ. ಜಗತ್ತಿನ ದೊಡ್ಡ ಕಾದಂಬರಿಗಳ ಚರಿತ್ರೆಯೂ ಇದನ್ನೇ ಸಾರುತ್ತದೆ.

ದಸ್ತಯೇವ್‌ಸ್ಕಿ ‘ಕ್ರೈಮ್ ಅಂಡ್ ಪನಿಷ್‌ಮೆಂಟ್’ ಕಾದಂಬರಿಯನ್ನು ಮೊದಲು ಕೊಲೆಗಾರನೇ ಹೇಳುವ ತಪ್ಪೊಪ್ಪಿಗೆಯಾಗಿ ಬರೆಯತೊಡಗಿದ್ದರು. 1865ರ ನವೆಂಬರಿನಲ್ಲಿ ಬರೆದದ್ದನ್ನು ಸುಟ್ಟುಹಾಕಿ ಹೊಸದಾಗಿ ಆರಂಭಿಸಿದರು. 1866ರಲ್ಲಿ ಅದು ರಷ್ಯದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ತಪ್ಪೊಪ್ಪಿಗೆ ಬರೆಯಲು ಕುಳಿತವನು ಒಪ್ಪಿಕೊಂಡಾಗಿದೆ. ಹೊರಗೆ ನಿಂತು ಹೇಳಿದಾಗ, ಅವನು ಒಪ್ಪಿಕೊಳ್ಳುತ್ತಾನೋ ಇಲ್ಲವೋ ಎಂಬ ಬಾಕಿ ಕೊನೆಯವರೆಗೂ ಉಳಿಯುತ್ತದೆ.

ಅಮೆರಿಕದ ಎಫ್. ಸ್ಕಾಟ್ ಫಿಟ್ಜೆರಾಲ್ಡ್ ಅವರ ‘ದ ಗ್ರೇಟ್ ಗ್ಯಾಟ್ಸ್‌ಬಿ’ಯ ಕತೆ ಇನ್ನೂ ಪಾಠದಂತಿದೆ. 1924ರ ನವೆಂಬರಿನಲ್ಲಿ ಹಸ್ತಪ್ರತಿ ಓದಿದ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಮನಸಾರೆ ಮೆಚ್ಚಿದರು. ಆದರೆ ನಾಯಕ ಮಸುಕಾಗಿದ್ದಾನೆ, ಅವನ ಹಿಂದಿನ ಬದುಕು ಒಂದೇ ಕಡೆ ರಾಶಿ ಬಿದ್ದಿದೆ, ಅದನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುವುದು ಒಳ್ಳೆಯದು ಎಂಬ ಸಲಹೆ ಕೊಟ್ಟರು. ಫಿಟ್ಜೆರಾಲ್ಡ್ ಅಚ್ಚುಮೊಳೆ ಜೋಡಿಸಿದ್ದ ಪ್ರೂಫಿನಲ್ಲೇ ಅಧ್ಯಾಯಗಳನ್ನು ಕತ್ತರಿಸಿ, ಸ್ಥಳ ಬದಲಿಸಿ, ಹೊಸದಾಗಿ ಬರೆದರು. 1925ರ ಏಪ್ರಿಲ್ 10ರಂದು ಪುಸ್ತಕ ಹೊರಬಂತು. ತಿದ್ದುವ ಮೊದಲಿನ ರೂಪವೂ 2000ದಲ್ಲಿ ‘ಟ್ರಿಮಾಲ್ಕಿಯೊ’ ಎಂಬ ಹೆಸರಿನಲ್ಲಿ ಅಚ್ಚಾಗಿರುವುದರಿಂದ, ಆಸಕ್ತರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಎರಡು ಪುಟಗಳ ಉದಾಹರಣೆ

ನಮ್ಮವರ ಹಸ್ತಪ್ರತಿಗಳಲ್ಲಿ ಮತ್ತೆ ಮತ್ತೆ ಬರುವ ಪುಟವೊಂದನ್ನು ನೋಡೋಣ. ಹದಿನಾಲ್ಕರ ಹುಡುಗ ಊರಿನಿಂದ ಬಸ್ಸಿನಲ್ಲಿ ಮುಂಬಯಿಗೆ ಬರುತ್ತಾನೆ. ಘಾಟಿಯ ವರ್ಣನೆ, ಮಳೆ, ವಾಂತಿ, ಅಮ್ಮ ಕಟ್ಟಿಕೊಟ್ಟ ಅವಲಕ್ಕಿ. ಸೋದರಮಾವನ ಹೋಟೆಲು ತಲುಪುತ್ತಾನೆ; ಮಾವ ಚಾ ಕೊಡಿಸುತ್ತಾರೆ. ಎಲ್ಲವೂ ನಿಜ, ಆದರೆ ಬಾಕಿ ಸೊನ್ನೆ.

ಇದನ್ನೇ ತಿದ್ದಬಹುದು. ಹುಡುಗನ ಕಿಸೆಯಲ್ಲಿ ಅಮ್ಮ ಮಾವನಿಗೆ ಬರೆದ ಕಾಗದವಿದೆ. ದಾರಿಯಲ್ಲಿ ಅವನು ಅದನ್ನು ಓದಿದ್ದಾನೆ: ‘ಇವನನ್ನು ಶಾಲೆಗೆ ಹಾಕುವುದು ಬೇಡ, ಕೆಲಸಕ್ಕೆ ಹಚ್ಚು.’ ರಾತ್ರಿ ಶಾಲೆಗೆ ಸೇರುವ ಆಸೆಯಿಂದಲೇ ಅವನು ಬಸ್ಸು ಹತ್ತಿದ್ದು. ಈಗ ಅದೇ ಘಾಟಿ, ಅದೇ ಮಳೆ, ಅದೇ ಅವಲಕ್ಕಿ ಇರಲಿ. ಮಾವ ಚಾ ಮುಂದಿಟ್ಟು, "ಅಮ್ಮ ಏನಾದರೂ ಕೊಟ್ಟಿದ್ದಾಳಾ ಮಾರಾಯ?" ಎಂದು ಕೇಳುವಾಗ ಪುಟ ಮುಗಿಯಲಿ. ಘಟನೆ ಒಂದೂ ಹೆಚ್ಚಿಲ್ಲ, ಒಂದು ಕಾಗದ ಮಾತ್ರ ಹೆಚ್ಚಿದೆ. ಓದುಗ ಪುಟ ತಿರುಗಿಸದೆ ಇರಲಾರ.

ಇನ್ನೊಂದು ಪುಟ, ಗಿರಣಿ ಕಾರ್ಮಿಕನ ಮನೆಯ ಊಟ. ಮುಂಬಯಿಯ ಜವಳಿ ಗಿರಣಿಗಳ ಮಹಾಮುಷ್ಕರ ಆರಂಭವಾದದ್ದು 1982ರ ಜನವರಿ 18ರಂದು. ಹಿಂದಿನ ರಾತ್ರಿ ಹೆಂಡತಿ ಕೇಳುತ್ತಾಳೆ, "ಮಗಳ ಫೀಸು ನಾಡಿದ್ದಿಗೆ ಕಟ್ಟಬೇಕಲ್ಲ?" ಗಂಡ ಹೇಳುತ್ತಾನೆ, "ಸಾರು ಇವತ್ತು ಒಳ್ಳೆದಾಗಿದೆ." ಜಗಳವಿಲ್ಲ, ಕಣ್ಣೀರಿಲ್ಲ. ಆದರೆ ಆ ಮುಷ್ಕರದಿಂದ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ ಎಂಬುದು ಓದುಗನಿಗೆ ಗೊತ್ತು, ಆ ಮನೆಯವರಿಗೆ ಗೊತ್ತಿಲ್ಲ. ಈ ಅಂತರದಲ್ಲಿ ಸಾರಿನ ಮಾತೂ ಭಾರವಾಗುತ್ತದೆ.

ಪೆನ್ಸಿಲ್ ಹಿಡಿದು ಕೂರುವ ಕ್ರಮ

ತಿದ್ದುಪಡಿಗೆ ಮೊದಲು ಹಸ್ತಪ್ರತಿಯನ್ನು ಒಂದೆರಡು ತಿಂಗಳು ಕಪಾಟಿನಲ್ಲಿಡುವುದು ಮೇಲು. ಬಳಿಕ ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆದು, ಪ್ರತಿ ಪುಟದ ಅಂಚಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಇಲ್ಲಿ ಯಾರಿಗೆ ಏನು ಬೇಕಾಗಿದೆ? ಅಡ್ಡ ಬರುವುದೇನು? ಪುಟ ಮುಗಿದಾಗ ಬಾಕಿ ಏನು? ಮೂರಕ್ಕೂ ಉತ್ತರವಿಲ್ಲದ ಪುಟವನ್ನು ಕೈಬಿಡಬೇಕು, ಎರಡು ಸಾಲಿಗಿಳಿಸಿ ಪಕ್ಕದ ಪುಟಕ್ಕೆ ಸೇರಿಸಬೇಕು, ಇಲ್ಲವೇ ಹೊಸದಾಗಿ ಬರೆಯಬೇಕು.

ಪುಟಗಳನ್ನು ಕ್ರಮವಾಗಿ ಓದದೆ, ಕಲಸಿ, ಕೈಗೆ ಬಂದದ್ದನ್ನು ಎತ್ತಿಕೊಂಡರೆ ಇನ್ನೂ ಒಳ್ಳೆಯದು. ಕ್ರಮವಾಗಿ ಓದುವಾಗ ಬರೆದವನು ತನ್ನ ಕತೆಯ ಓಟಕ್ಕೆ ತಾನೇ ಸಿಕ್ಕಿಬೀಳುತ್ತಾನೆ. ಬಿಡಿ ಪುಟದ ಸಡಿಲ ಕಣ್ಣಿಗೆ ಬೀಳುವುದಿಲ್ಲ. ದಿನಕ್ಕೆ ಮೂರು ಪುಟವಾದರೆ 250 ಪುಟಗಳಿಗೆ ಮೂರು ತಿಂಗಳು ಸಾಕು. ಮೂರು ವರ್ಷ ಬರೆದವರಿಗೆ ಇದು ದೊಡ್ಡ ಅವಧಿಯಲ್ಲ.

ಸಡಿಲವಾಗುವ ಜಾಗಗಳೂ ಸಾಮಾನ್ಯವಾಗಿ ಅವೇ: ಅಧ್ಯಾಯದ ಆರಂಭದ ಹವಾಮಾನ, ಪ್ರಯಾಣ, ವಂಶಾವಳಿ, ಊಟ-ತಿಂಡಿ, ಪಾತ್ರಗಳು ತಮಗೆ ಆಗಲೇ ಗೊತ್ತಿರುವುದನ್ನು ಪರಸ್ಪರ ಹೇಳಿಕೊಳ್ಳುವ ಸಂಭಾಷಣೆ, ಚಾ ಕುಡಿಯುತ್ತಾ ಮಾಡುವ ಜೀವನ ವಿಮರ್ಶೆ. ಇವೆಲ್ಲ ಬೇಡವೆಂದಲ್ಲ. ಇವುಗಳೊಳಗೆ ಯಾರಿಗೋ ಏನೋ ಬೇಕಾಗಿರಲಿ ಎಂದಷ್ಟೇ.

ಒಂದು ಎಚ್ಚರಿಕೆ ಅಗತ್ಯ. ಪುಟಕ್ಕೊಂದು ಜಗಳ, ಅಧ್ಯಾಯಕ್ಕೊಂದು ಅಪಘಾತ ತುರುಕಿದರೆ ಓದುಗ ದಣಿಯುತ್ತಾನೆ. ಚೆಂಡೆ ಇಡೀ ರಾತ್ರಿ ಒಂದೇ ಸಮನೆ ಬಡಿಯುವುದಿಲ್ಲ; ಮದ್ದಳೆಯ ಮೆಲುದನಿಗೂ ಅಲ್ಲಿ ಸಮಯವಿದೆ. ಆದರೆ ಆಗಲೂ ಭಾಗವತರ ಕೈಯ ತಾಳ ತಪ್ಪುವುದಿಲ್ಲ. ನೆಮ್ಮದಿಯ ಪುಟದಲ್ಲೂ ಈ ನೆಮ್ಮದಿ ಎಷ್ಟು ಹೊತ್ತು ಎಂಬ ತಾಳ ಕೇಳುತ್ತಿರಬೇಕು.

ಸಂಘಗಳು ಮಾಡಬಹುದಾದದ್ದು

ನಮ್ಮ ಸಂಘಗಳು ಗ್ರಂಥ ಬಿಡುಗಡೆಗೆ ವೇದಿಕೆ ಒದಗಿಸುತ್ತಾ ಬಂದಿವೆ, ಅದು ಅಭಿನಂದನೀಯ. ಅದರ ಒಂದು ಪಾಲು ಶ್ರಮ ಬಿಡುಗಡೆಯ ಮೊದಲೇ ಸಂದರೆ ಉಪಕಾರ ದೊಡ್ಡದು. ತಿಂಗಳಿಗೊಂದು ಭಾನುವಾರ ಹತ್ತು ಮಂದಿ ಕುಳಿತು, ಅಚ್ಚಾಗದ ಕಾದಂಬರಿಯ ಹತ್ತು ಪುಟಗಳನ್ನು ಗಟ್ಟಿಯಾಗಿ ಓದಿಸಿದರೆ ಸಾಕು. ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ಕೇಳುವವರು ಎಲ್ಲಿ ಕೆಮ್ಮಿದರು, ಎಲ್ಲಿ ಮೊಬೈಲ್ ತೆಗೆದರು, ಎಲ್ಲಿ ಮುಂದಕ್ಕೆ ಬಾಗಿ ಕುಳಿತರು ಎಂಬುದನ್ನು ಒಬ್ಬರು ಪುಟದ ಅಂಚಿನಲ್ಲಿ ಗುರುತು ಹಾಕಿಕೊಂಡು ಲೇಖಕರ ಕೈಗಿತ್ತರಾಯಿತು. ಪರ್ಕಿನ್ಸ್ ಒಬ್ಬರೇ ಮಾಡಿದ ಕೆಲಸವನ್ನು ಹತ್ತು ಮಂದಿ ಸೇರಿ ಮಾಡಿದಂತಾಗುತ್ತದೆ.

ಊರು ಬಿಟ್ಟು ಬಂದವರ ಮೊಮ್ಮಕ್ಕಳಲ್ಲಿ ಕನ್ನಡ ಓದಬಲ್ಲವರು ಕಡಿಮೆಯಾಗುತ್ತಿರುವ ಕಾಲವಿದು. ಓದಬಲ್ಲ ಒಂದು ಮಗು ಅಜ್ಜನ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡ ಆ ಹುಡುಗ ಮಾವನಿಗೆ ಏನು ಉತ್ತರ ಕೊಟ್ಟನೆಂದು ತಿಳಿಯದೆ ಪುಸ್ತಕ ಕೆಳಗಿಡಲಾರದಂತಾದರೆ, ಮೂರು ತಿಂಗಳ ಪೆನ್ಸಿಲ್ ಕೆಲಸ ಸಾರ್ಥಕ.